ನಂಬರಪ್ಪನ ಹೆಂಡತಿ ಕಾಡಿಗೆ ಹೋದದ್ದು

ಕನ್ನಡಕ ತೆಗೆದರೆ ಅವಳಿಗೆ ತನ್ನ ಅಂಗೈ ಬಿಟ್ಟು ಬೇರೆ ಲೋಕವಿರಲಿಲ್ಲ. ದರ್ಜಿಯೊಬ್ಬನಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವುದು ಅವಳ ಕೆಲಸ. ಬಟ್ಟೆಯನ್ನು ಮೂಗಿನ ತುದಿಗೆ ಹಿಡಿದರೆ ಎಳೆ ಎಳೆಯೂ ಸ್ಪಷ್ಟ. ಅದರಾಚೆಗೆ ಮನೆ, ಬೀದಿ, ಮನುಷ್ಯರು ಎಲ್ಲವೂ ಕಲಸಿಟ್ಟ ಬಣ್ಣ. ಮದುವೆಗೆ ಮುಂಚೆ ಒಮ್ಮೆ ಪೇಟೆಯ ಮಹಡಿ ಅಂಗಡಿಗೆ ಕನ್ನಡಕ ಮಾಡಿಸಲು ಹೋಗಿದ್ದಳು. ಒಳಕೋಣೆಯಿಂದ ಗಾಜು ಉಜ್ಜುವವನೊಬ್ಬ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಅವಳ ಹಳೆಯ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಹಾಕ್ಕೊಂಡು ಇಷ್ಟು ದಿನ ರಸ್ತೆ ದಾಟಿದ್ದೀರಾ? ನಿಮ್ಮ ಆಯಸ್ಸು ಗಟ್ಟಿ ಕಣ್ರೀ," ಅಂದಿದ್ದ.

ಅವನು ಮಾಡಿಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ಕೆಳಗಿಳಿದವಳು ಬೀದಿಯಲ್ಲೇ ನಿಂತುಬಿಟ್ಟಳು. ಮರ ಅಂದರೆ ಕಂಬದ ಮೇಲೆ ಕೂತ ಹಸಿರು ಮುದ್ದೆ ಎಂದು ತಿಳಿದಿದ್ದ ಹುಡುಗಿಗೆ ಅಂದು ಎಲೆಗಳು ಬೇರೆ ಬೇರೆಯಾಗಿ ಕಂಡವು. ಒಂದೊಂದೂ ತನ್ನ ಪಾಡಿಗೆ ಅಲ್ಲಾಡುತ್ತಿತ್ತು. ಅವಳು ಅಲ್ಲೇ ಅತ್ತಳು. ಎಲೆ ಬಿಡಿಸಿ ತೋರಿಸಿದವನನ್ನೇ ಮುಂದೆ ಕಟ್ಟಿಕೊಂಡಳು.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ನಂಬರಪ್ಪ ಎಂದು. ದಾರಿಯಲ್ಲಿ ಹೋಗುವವರನ್ನು ನೋಡಿದರೆ ಸಾಕು, "ಅವರ ಕಣ್ಣಿಗೆ ಎರಡೂವರೆ ನಂಬರು ಇರತ್ತೆ, ಎಡಗಣ್ಣು ಇನ್ನೂ ಸ್ವಲ್ಪ ಜಾಸ್ತಿ," ಅನ್ನುತ್ತಿದ್ದ. ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು, ಅದರಿಂದ ಅವನ ಉತ್ಸಾಹವೇನೂ ಕುಗ್ಗುತ್ತಿರಲಿಲ್ಲ. ಗಿರಾಕಿಗಳಿಗೆ ಅವನು ತಪ್ಪದೆ ಹೇಳುತ್ತಿದ್ದ ಬುದ್ಧಿಮಾತು ಒಂದೇ: ಯಾವಾಗಲೂ ಎರಡು ಕನ್ನಡಕ ಇಟ್ಟುಕೊಳ್ಳಿ.

ಕಿಟಕಿಯಿಲ್ಲದ ಆ ಒಳಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ತಿರುಗುವ ಕಲ್ಲಿಗೆ ಗಾಜಿನ ಅಂಚು ಒತ್ತಿ ಹಿಡಿದೇ ಅವನ ಕೂದಲು ಬೆಳ್ಳಗಾಯಿತು. ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಕೆಳಗಿನ ತಟ್ಟೆಯಲ್ಲಿ ಬಿಳಿ ಕೆಸರು ಕೂಡುತ್ತಿತ್ತು. ಮನೆಗೆ ಬಂದ ಮೇಲೂ ಕಿವಿಯಲ್ಲಿ ಯಂತ್ರ ತಿರುಗುತ್ತಿತ್ತು. ಊಟಕ್ಕೆ ಕೂತಾಗ ಅವಳು ಒಂದು ಮಾತನ್ನು ಎರಡು ಸಲ ಹೇಳಬೇಕಿತ್ತು. ಆ ಹೊತ್ತಿಗೇ ಅವನಿಗೆ ಫೋನಿನಲ್ಲಿ ಕಾಡಿನ ವಿಡಿಯೋಗಳ ಹುಚ್ಚು ಹತ್ತಿತು. ಗಡ್ಡ ಬಿಟ್ಟವನೊಬ್ಬ ಕಟ್ಟಿಗೆ ಸೀಳುತ್ತಾನೆ, ತೊರೆಯಲ್ಲಿ ಮುಖ ತೊಳೆಯುತ್ತಾನೆ, ಒಂದು ಮಾತೂ ಆಡುವುದಿಲ್ಲ. ಆ ಗಡ್ಡದವನ ಎದುರಿಗೆ ಕ್ಯಾಮೆರಾ ಹಿಡಿದು ನಿಂತವನೊಬ್ಬ ಇರಬೇಕಲ್ಲ, ಅವನಿಗೆ ಊಟ ಎಲ್ಲಿಂದ ಬರುತ್ತದೆ ಎಂದು ನಂಬರಪ್ಪ ಒಂದು ದಿನವೂ ಕೇಳಿಕೊಳ್ಳಲಿಲ್ಲ.

"ಊರು ಹೋಗು ಅನ್ನತ್ತೆ, ಕಾಡು ಬಾ ಅನ್ನತ್ತೆ ಕಣೇ," ಎನ್ನತೊಡಗಿದ.

ಅವಳ ತಂಗಿ ಇದನ್ನು ಕೇಳಿ ಗಾಬರಿಬಿದ್ದಳು. "ಭಾವ, ಬಿಡ್ತು ಅನ್ನಿ! ಅದು ಸಾಯೋಕಾದ ಮುದುಕರಿಗೆ ಹೇಳೋ ಗಾದೆ."

"ನಮಗೆ ಬದುಕೋಕೆ ಹೇಳಿದ್ದು ಅಂದ್ಕೊಳ್ಳಮ್ಮ," ಎಂದು ನಕ್ಕ.

ಅವಳನ್ನು ಅವನು ಬಲವಂತದಿಂದ ಎಳೆದುಕೊಂಡು ಹೋದ ಅನ್ನುವವರಿದ್ದಾರೆ. ಅದು ಸುಳ್ಳು. ಅವಳಿಗೂ ಆಸೆಯಿತ್ತು. ಮಕ್ಕಳಿರಲಿಲ್ಲ, ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಪಕ್ಕದವರ ಜಗಳ ಕೇಳುತ್ತ ಕಾಜಾ ಹೊಲಿದದ್ದು ಸಾಕಾಗಿತ್ತು. ಎಲೆ ನೋಡುತ್ತ ಕೂರುವ ಮುಪ್ಪು ಬಂದರೆ ಯಾರು ಬೇಡ ಅನ್ನುತ್ತಾರೆ? ಗುಡ್ಡದ ಮೇಲೆ, ತೊರೆಯ ಪಕ್ಕ, ಪರಿಚಯದವರೊಬ್ಬರು ಬಿಟ್ಟುಹೋದ ಕಲ್ಲಿನ ಗುಡಿಸಲಿತ್ತು. ಹೊರಡುವ ದಿನ ಅವನು ಅಂಗಡಿಯಲ್ಲಿ ದೊಡ್ಡ ಭಾಷಣ ಬಿಗಿದು ಬಂದಿದ್ದ. "ಗಾಜಿನ ಹಿಂದೆ ಬದುಕಿದ್ದು ಸಾಕು, ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿದ್ರೆ ನನ್ನ ಮುಖಕ್ಕೆ ಉಗೀರಿ ಅಂದೆ. ಮಾಲೀಕರು ಬಾಯಿ ಬಿಟ್ಕೊಂಡು ನಿಂತುಬಿಟ್ರು," ಎಂದು ದಾರಿಯುದ್ದಕ್ಕೂ ಹೇಳಿದ.

ಕಾಡಿಗೆ ಅವನದೊಂದು ನೇಮವಿತ್ತು: ಯಾವುದೂ ಎರಡು ಬೇಡ. ಒಂದು ಪಾತ್ರೆ, ಒಂದು ಕೊಡಲಿ, ಒಂದು ದೀಪ. ಫೋನು ಬೇಡವೇ ಬೇಡ. ಅವಳು ಚೀಲಕ್ಕೆ ಹಾಕಿದ ಎರಡನೆಯ ಕನ್ನಡಕವನ್ನು ಅವನೇ ಹೊರಗೆ ತೆಗೆದಿಟ್ಟ. ಲೋಕಕ್ಕೆಲ್ಲ ಬುದ್ಧಿ ಹೇಳಿದವನು ತನ್ನ ಹೆಂಡತಿಯ ವಿಷಯದಲ್ಲಿ ಹೀಗೆ ಮಾಡಿದ, ಅವಳೂ ಸುಮ್ಮನಿದ್ದಳು. ಇಬ್ಬರನ್ನೂ ಬೈಯಬೇಕು ಅನ್ನಿಸುತ್ತದೆ.

ಮೊದಲ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ಬೆಳಗಾದರೆ ಬಿಸಿಲು ಎಲೆಗಳ ನಡುವೆ ತೂರಿ ನೆಲದ ಮೇಲೆ ಚೂರುಚೂರಾಗಿ ಬೀಳುತ್ತಿತ್ತು. ಗಾಜಿನ ಪುಡಿಯಿಂದ ಹತ್ತಿದ್ದ ಅವನ ಕೆಮ್ಮು ಇಳಿಯಿತು. ಒಂದು ಮಧ್ಯಾಹ್ನ ಅವಳು ಒಳಗಿನಿಂದ ಮೆತ್ತಗೆ ಏನೋ ಅಂದರೆ ಅವನು ಅಂಗಳದಿಂದಲೇ "ಹ್ಞೂಂ" ಅಂದ. ಒಂದೇ ಸಲಕ್ಕೆ ಕೇಳಿಸಿತ್ತು. ಆಮೇಲೆ ಉಪ್ಪು ನೀರಾಯಿತು, ಇಲಿಗಳು ಚೀಲ ತೂತುಮಾಡಿ ಕಾಳು ತಿಂದವು, ಹಸಿ ಕಟ್ಟಿಗೆಯ ಹೊಗೆಗೆ ಕಣ್ಣು ಉರಿಯಿತು. ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಬಹುದಿತ್ತು.

ಒಂದು ಬೆಳಿಗ್ಗೆ ಅವಳು ತೊರೆಯ ದಂಡೆಯ ಬಂಡೆಯ ಮೇಲೆ ಕನ್ನಡಕ ತೆಗೆದಿಟ್ಟು ಮುಖ ತೊಳೆಯುತ್ತಿದ್ದಳು. ಅವನು ಕಟ್ಟಿಗೆಯ ಹೊರೆ ಹೊತ್ತು ಬಂದವನು ಅದೇ ಬಂಡೆಯ ಮೇಲೆ ದೊಪ್ಪನೆ ಇಳಿಸಿದ. ಆ ಸದ್ದು ಏನೆಂದು ಇಬ್ಬರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಚೂರುಗಳನ್ನು ಅಂಗೈಯಲ್ಲಿ ಆಯ್ದುಕೊಂಡು ಮಗುವಿನ ಹಾಗೆ ಅತ್ತ. "ನಾಳೆನೇ ಕೆಳಗೆ ಹೋಗಿ ತರ್ತೀನಿ," ಅಂದ.

ನಾಳೆ ಮಳೆ ಬಂತು. ನಾಡಿದ್ದು ತೊರೆ ತುಂಬಿತ್ತು. ಅದರಾಚೆಗೆ ಸೊಂಟ ಹಿಡಿಯಿತು. ಕೊನೆಗೆ ಅವನ ಬಾಯಿಂದ ಹೊಸ ರಾಗ ಹೊರಟಿತು: ಕನ್ನಡಕ ಹಾಕಿ ಹಾಕಿಯೇ ಕಣ್ಣು ಸೋಮಾರಿಯಾಗುವುದು, ಹಸಿರು ನೋಡುತ್ತಿದ್ದರೆ ತಾನೇ ಸರಿಹೋಗುತ್ತದೆ. ಅವಳು ಕೇಳಿಯೇ ಬಿಟ್ಟಳು: "ರೀ, ನಿಮಗೆ ಆ ಮೆಟ್ಟಿಲು ಹತ್ತೋಕೆ ನಾಚಿಕೆ. ಅಷ್ಟೇ ತಾನೇ?"

ಅವನು ಹೇಳಿದ: "ನಗ್ತಾರೆ ಕಣೇ. ಇಡೀ ಅಂಗಡಿ ನಗತ್ತೆ."

ಹಾಗೆ ಹೇಳಿದವನನ್ನು ಏನೆಂದು ಬೈಯುವುದು? ಅವನು ಕೆಟ್ಟವನಾಗಿರಲಿಲ್ಲ. ಬಾಗಿಲಿನಿಂದ ತೊರೆಗೆ ಒಂದು ಹಗ್ಗ, ಬಯಲುಕಡೆಗೆ ಇನ್ನೊಂದು ಹಗ್ಗ ಕಟ್ಟಿಕೊಟ್ಟ. ಗಾಣದೆತ್ತಿನ ಹಾಗೆ ಅವಳು ಆ ಹಗ್ಗ ಹಿಡಿದು ಹೋಗಿ ಬಂದಳು. ಕಾಡು ಮತ್ತೆ ಹಸಿರು ಮುದ್ದೆಯಾಯಿತು, ಆದರೆ ಈಗ ಅದು ಉಸಿರಾಡುವ ಮುದ್ದೆ. ಎಲ್ಲಿ ಸರಕ್ಕೆಂದರೂ ಎದೆ ಧಸಕ್ಕೆನ್ನುತ್ತಿತ್ತು. ಅವನು ಪಕ್ಕದಲ್ಲಿ ಕೂತು ಎಲ್ಲವನ್ನೂ ಬಣ್ಣಿಸುತ್ತಿದ್ದ: ಎದುರಿನ ಕೊಂಬೆಯಲ್ಲಿ ನೀಲಿ ಹಕ್ಕಿ ಕೂತಿದೆ, ನಾವು ಹಾಕಿದ ಹುರುಳಿಕಾಯಿ ಬಳ್ಳಿ ಚಪ್ಪರಕ್ಕೆ ಹಬ್ಬಿದೆ, ಹೂ ಬಿಟ್ಟಿದೆ.

ಒಂದು ದಿನ ಅವನು ಮಲಗಿದ್ದಾಗ ಅವಳು ತಡವರಿಸುತ್ತ ಆ ಚಪ್ಪರದ ಹತ್ತಿರ ಹೋಗಿ ಕೈಯಾಡಿಸಿದಳು. ಒಣಕಡ್ಡಿ. ಕೆಳಗೆ ಬಗ್ಗಿ ನೆಲ ಮುಟ್ಟಿದಳು. ಕಳೆ. ಒಳಗೆ ಬಂದು ಕಾಳಿನ ಡಬ್ಬಿಗೆ ಕೈ ಹಾಕಿದರೆ ಬೆರಳಿಗೆ ತಳ ಸಿಕ್ಕಿತು. ಎಲೆ ಬಿಡಿಸಿ ತೋರಿಸಿದವನು ಇಲ್ಲದ ಹೂವನ್ನು ತೋರಿಸುತ್ತಿದ್ದ. ಅವಳಿಗೆ ಕೋಪ ಬರಲಿಲ್ಲ, ಭಯವಾಯಿತು.

ಹಾಗಾದರೆ ಕಳೆದ ವಾರ ಕುಂಟುತ್ತ ಒಳಗೆ ಬಂದು ಅವನು "ಕೊಡಲಿ ತಾಗಿ ಚಿಕ್ಕ ಗೀರು" ಅಂದದ್ದು? ಅವನು ಎರಡು ದಿನದಿಂದ ಎದ್ದೇ ಇರಲಿಲ್ಲ. ಗುಡಿಸಲಿನೊಳಗೆ ಸಿಹಿ ಸಿಹಿಯಾದ ಕೆಟ್ಟ ವಾಸನೆಯೊಂದಿತ್ತು, ಇಲಿ ಸತ್ತಿರಬೇಕು ಎಂದು ಅವನೇ ಹೇಳಿದ್ದ. ಅವಳು ಹೊದಿಕೆ ಸರಿಸಿ ಅವನ ಕಾಲು ಮುಟ್ಟಿದಳು. ಮೊಣಕಾಲಿನವರೆಗೆ ಊದಿ ಕೆಂಡವಾಗಿತ್ತು. ಮೂಗು ತಾಗುವಷ್ಟು ಬಗ್ಗಿ ಗಾಯವನ್ನು ಕಾಜಾ ನೋಡುವ ಹಾಗೆ ನೋಡಿದಳು. ಅಂಚು ಕಪ್ಪಗಿತ್ತು.

"ನಾನು ಕೆಳಗೆ ಹೋಗ್ತೀನಿ."

"ನಿಂಗೆ ಕಾಣಲ್ಲ. ಬಿದ್ದು ಸಾಯ್ತೀಯ."

"ಇಲ್ಲಿ ಕೂತ್ರೆ ನೀವು ಸಾಯ್ತೀರಿ."

ಅವನು ಅವಳ ಕೈ ಹಿಡಿದುಕೊಂಡ. "ಯಾರನ್ನ ಬೇಕಾದ್ರೂ ಕರ್ಕೊಂಡು ಬಾ, ಅಂಗಡಿಯವರಿಗೆ ಮಾತ್ರ ತಿಳಿಸಬೇಡ. ನಿನ್ನ ದಮ್ಮಯ್ಯ," ಅಂದ. ಜೀವ ಹೋಗುತ್ತಿದ್ದವನು ಮಾನಕ್ಕೆ ಅಂಗಲಾಚಿದ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡದೆ, ತಲೆದೆಸೆಯಲ್ಲಿ ನೀರಿಟ್ಟು, ಹಾಸಿಗೆಯ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಮಡಿಲಿಗೆ ಹಾಕಿಕೊಂಡು ಹೊರಟಳು.

ನೀರು ಕೆಳಗೇ ಹರಿಯುತ್ತದೆ, ಕೆಳಗೆ ರಸ್ತೆಯಿದೆ. ಅವಳಿಗೆ ಗೊತ್ತಿದ್ದುದು ಇಷ್ಟೇ. ಹಗ್ಗ ಮುಗಿದ ಕಡೆ ಅದನ್ನು ಬಿಟ್ಟಳು. ತೊರೆಯ ಸದ್ದನ್ನು ಎಡಗಿವಿಗೆ ಇಟ್ಟುಕೊಂಡು, ಕೋಲಿನಿಂದ ನೆಲ ತಟ್ಟುತ್ತ, ಕೈಗೆ ಸಿಕ್ಕ ಗಿಡಕ್ಕೆಲ್ಲ ಒಂದೊಂದು ಬಟ್ಟೆಪಟ್ಟಿ ಕಟ್ಟುತ್ತ ಇಳಿದಳು. ಬಿದ್ದಳು. ಎದ್ದಳು. ಮತ್ತೆ ಬಿದ್ದಾಗ ಕೋಲು ಕೈತಪ್ಪಿ ಹೋಯಿತು. ಅಲ್ಲಿಂದ ಮುಂದೆ ಕೂತುಕೊಂಡೇ ಜಾರಿದಳು. ಒಂದು ಕಡೆ ಮುಂದಿನದು ನೆರಳೋ ಪ್ರಪಾತವೋ ತಿಳಿಯದೆ ಬಹಳ ಹೊತ್ತು ಅಲ್ಲಾಡದೆ ಕೂತಳು. ಕಲ್ಲೊಂದನ್ನು ಎಸೆದಳು. ಅದು ಬಿದ್ದ ಸದ್ದು ಬರಲೇ ಇಲ್ಲ. "ಅಮ್ಮಾ," ಎಂದು ಸತ್ತು ಎಷ್ಟೋ ವರ್ಷವಾದ ತಾಯಿಯನ್ನು ಕೂಗಿ, ಹಿಂದಕ್ಕೆ ತೆವಳಿ ಬೇರೆ ಕಡೆಯಿಂದ ಇಳಿದಳು. ಈ ಹಸಿರಿಗಾಗಿ ತಾನೇ ಬಂದದ್ದು ಎಂಬ ಯೋಚನೆ ಬಂದು ಕಾಡಿನ ಮೇಲೆ ಕಾರಿ ಉಗುಳಿದಳು. ಕಾಡಿಗೇನು? ಅದು ಅವಳನ್ನು ಬಾ ಅಂದಿರಲೂ ಇಲ್ಲ, ಹೋಗು ಅನ್ನಲೂ ಇಲ್ಲ.

ಮೊದಲು ಮೂಗಿಗೆ ಬಂದದ್ದು ಡಾಂಬರಿನ ವಾಸನೆ. ರಸ್ತೆ ರಿಪೇರಿ ಮಾಡುತ್ತಿದ್ದವರು ಮೈಯೆಲ್ಲ ರಕ್ತ ಕೆಸರಾದ ಹೆಂಗಸು ಪೊದೆಯಿಂದ ಹೊರಬಂದದ್ದು ಕಂಡು ಹೌಹಾರಿದರು. ಅವರ ಮೇಸ್ತ್ರಿ ಅವಳನ್ನು ಕೂರಿಸಿ, ನೀರು ಕುಡಿಸಿ, ವಿಷಯ ತಿಳಿದು, ಆಳುಗಳನ್ನು ಹಲಗೆ ಹಗ್ಗ ತರಲು ಓಡಿಸಿದ. "ನಿಮ್ಮೋರು ಯಾರಿದ್ದಾರೆ ಹೇಳಿ ತಾಯಿ, ಫೋನ್ ಮಾಡೋಣ," ಅಂದ.

ಅವಳಿಗೆ ಬಾಯಿಪಾಠ ಇದ್ದ ನಂಬರು ಒಂದೇ, ಅಂಗಡಿಯದು. ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎಂದು ಎಷ್ಟೋ ವರ್ಷ ಸಂಜೆ ಸಂಜೆ ಒತ್ತಿದ ನಂಬರು. ತಂಗಿಯದನ್ನು ನೆನೆಸಿಕೊಳ್ಳಲು ಹೆಣಗಿದಳು, ಆಗಲಿಲ್ಲ. ಆಸ್ಪತ್ರೆಗೆ ಗಾಡಿ ಬೇಕು, ಜನ ಬೇಕು. ಮಾನ ಆಮೇಲೆ ನೋಡಿಕೊಂಡರಾಯಿತು. ಹೇಳಿದಳು. ಮೇಸ್ತ್ರಿ ಒತ್ತಿ ಅವಳ ಕಿವಿಗೆ ಹಿಡಿದ.

"ಓ, ನಂಬರಪ್ಪನ ಮನೆಯವರಾ?" ಮಾಲೀಕರ ದನಿ ಎಂದಿನಂತೆಯೇ ಇತ್ತು. "ರಜಾ ಮುಗೀತೇನಮ್ಮಾ ಅವರದು? ಇಲ್ಲಿ ಕೆಲಸ ರಾಶಿ ಬಿದ್ದಿದೆ."

"ರಜಾನಾ?"

"ಹೋಗೋ ದಿನ ಒಳಗಿಂದ ಏನೋ ಹೇಳಿದ್ರಪ್ಪ, ಯಂತ್ರ ತಿರುಗ್ತಾ ಇತ್ತು, ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ರಜಾ ಕೇಳ್ತಿರಬೇಕು ಅಂತ ತಲೆಯಾಡಿಸಿದೆ. ಯಾಕಮ್ಮ, ಏನಾಯ್ತು?"

ಅವಳು ಏನಾಯಿತೆಂದು ಹೇಳಿದಳು. ಹೇಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಈಗಲೇ ಗಾಡಿ ತರುತ್ತೇನೆ ಎಂದು ಅವರು ಫೋನಿಟ್ಟ ಮೇಲೆ ಡಾಂಬರಿನ ಡ್ರಮ್ಮಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ನಕ್ಕಿರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ಊರು ಹೋಗು ಅಂದಿರಲಿಲ್ಲ, ಅವನು ಬಿಟ್ಟುಹೋದದ್ದನ್ನು ಗಮನಿಸಿಯೂ ಇರಲಿಲ್ಲ. ಆ ನಗುವಿನ ಹೆದರಿಕೆಗೆ ಅವಳ ಕಣ್ಣು ಹೋಗಿತ್ತು, ಅವನ ಕಾಲು ಕೊಳೆಯುತ್ತಿತ್ತು.

ಬಟ್ಟೆಪಟ್ಟಿಗಳ ಜಾಡು ಹಿಡಿದು ಆಳುಗಳು ಮೇಲೆ ಹೋದರು. ಹಲಗೆಗೆ ಕಟ್ಟಿ ಅವನನ್ನು ಇಳಿಸಿಕೊಂಡು ಬಂದಾಗ ಬಿಸಿಲು ಇಳಿಯುತ್ತಿತ್ತು. ಮೈ ಸುಡುತ್ತಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ನೀರು ಕೊಟ್ಟರೆ ಬಾಯಿ ತೆರೆಯದೆ ಮುಖ ತಿರುಗಿಸಿಕೊಳ್ಳುತ್ತಿದ್ದಾನೆ ಎಂದು ಮೇಸ್ತ್ರಿ ಹೇಳಿದ. ಅವಳು ಹಲಗೆಯ ಪಕ್ಕ ಮಂಡಿಯೂರಿ ಅವನ ಕೈ ಹುಡುಕಿ ಹಿಡಿದಳು.

"ಅಂಗಡಿಗೆ ತಿಳಿಸಿದ್ಯಾ?"

"ತಿಳಿಸಿದೆ ರೀ. ಗಾಡಿ ಬರ್ತಾ ಇದೆ."

ಅವನ ಬೆರಳುಗಳು ಅವಳ ಮುಂಗೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದವು. "ಏನಂದ್ರು? ನಕ್ಕರಾ?"

ಅವನ ಮುಖ ಅವಳಿಗೆ ಬಿಳಿಚಿದ ಒಂದು ಮಚ್ಚೆಯಾಗಿ ಮಾತ್ರ ಕಾಣುತ್ತಿತ್ತು. ಆ ಮಚ್ಚೆಯನ್ನು ನೋಡುತ್ತ, ಗಟ್ಟಿಯಾಗಿ, ಒಂದೇ ಸಲಕ್ಕೆ ಕೇಳಿಸುವ ಹಾಗೆ ಹೇಳಿದಳು:

"ನಕ್ಕರು ರೀ. ನೀವು ಹೋದ ದಿನದಿಂದ ನಿಮ್ಮದೇ ಮಾತಂತೆ. ಇಡೀ ಅಂಗಡಿ ನಕ್ಕಿತು."

ಅವನ ಹಿಡಿತ ಮೆಲ್ಲಗೆ ಸಡಿಲಾಯಿತು. "ನಂಗೊತ್ತಿತ್ತು," ಅಂದ. ಆ ದನಿಯಲ್ಲಿ ಎಂಥದೋ ನೆಮ್ಮದಿಯಿತ್ತು. ಆಮೇಲೆ ಬಾಯಿ ತೆರೆದು ನೀರು ಕೇಳಿದ.