ಹೌಸಾಬಾಯಿಯ ಪಾಲಿನ ವೈನು

ನಿಪ್ಪಾಣಿಯ ಹೌಸಾಬಾಯಿಗೆ ಸಿಟ್ಟು ಬಂದರೆ ಓಣಿಯ ನಾಯಿಗಳೂ ದಾರಿ ಬಿಡುತ್ತವೆ ಎಂದು ನೆರೆಯವರು ಹೇಳುವುದುಂಟು. ಆದರೆ ಆ ಭಾನುವಾರ ಮಧ್ಯಾಹ್ನ ಅವಳಿಗೆ ಬಂದ ಸಿಟ್ಟು ಓಣಿಗೂ ಹೊಸದು, ಮನೆಗೂ ಹೊಸದು.

ಮಗ ರಾಜಾರಾಮ ಗೋವಾದಲ್ಲಿ ಇಟಲಿಯ ಅಡುಗೆ ಮಾಡುವ ಹೋಟೆಲೊಂದರಲ್ಲಿ ಬಡಿಸುವ ಕೆಲಸದವನು. ವೈನ್ ಬಡಿಸುವವರದು ಅಲ್ಲಿ ಮೇಲಿನ ಹುದ್ದೆ, ಅದಕ್ಕೇರಲು ಅವನೊಂದು ಪರೀಕ್ಷೆ ಬರೆಯಬೇಕಿತ್ತು. ಅಭ್ಯಾಸಕ್ಕೆಂದು ಇಟಲಿಯ ಕೆಂಪು ವೈನಿನ ಬಾಟಲಿಯೊಂದನ್ನು ರಜೆಗೆ ಬರುವಾಗ ತಂದಿದ್ದ. ಕಿಯಾಂತಿ ಅಂತ ಅದರ ಹೆಸರು. ಹೌಸಾಬಾಯಿ ಒಲೆಯ ಮುಂದೆ ಮಟನ್ ಕುದಿಸುತ್ತಿದ್ದಳು. ರಾಜಾರಾಮ ಎರಡು ಗ್ಲಾಸಿಗೆ ವೈನು ಸುರಿದ: ತನಗೊಂದು, ಹೆಂಡತಿ ಪೂನಮಳಿಗೊಂದು.

"ನನಗ?" ಎಂದಳು ಹೌಸಾಬಾಯಿ.

"ನಿನಗ್ಯಾಕ ಅವ್ವಾ ಇದು? ವೈನ್ ಕುಡಿಯೂದು ಬಾಯಿಲೆ ಅಲ್ಲ, ಮೂಗಿಲೆ. ನಿನಗ ವಾಸನೀನ ಬರೂದಿಲ್ಲ. ಸುಮ್ನ ದಂಡ." ರಾಜಾರಾಮ ನಕ್ಕ.

"ಅತ್ತಿ, ನಂದ ತಗೋರಿ," ಎಂದು ಪೂನಮ ಗ್ಲಾಸು ಚಾಚಿದಳು.

"ನಿಂದ ನೀ ಕುಡಿ. ನನಗ ನನ್ನ ಪಾಲ ಬೇಕು."

ಹೌಸಾಬಾಯಿ ಚಿಕ್ಕ ಹುಡುಗಿಯಾಗಿದ್ದಾಗಲೇ ತಾಯಿಯ ಸೆರಗು ಹಿಡಿದು ತಂಬಾಕಿನ ಗೋದಾಮಿಗೆ, ಅಲ್ಲಿಯವರ ಮಾತಿನ ವಖಾರಿಗೆ, ಕೂಲಿಗೆ ಹೋದವಳು. ಒಣಗಿದ ಎಲೆ ಕುಟ್ಟಬೇಕು, ಜರಡಿ ಹಿಡಿಯಬೇಕು. ಗಾಳಿಗೆ ಮಾಲು ಹಾರೀತೆಂದು ಮಾಲೀಕರು ಕಿಟಕಿಗಳನ್ನೇ ಮುಚ್ಚಿಸುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಸೀನಿದರೆ ಕಂದು ನೀರು. ಮೊದಮೊದಲು ಸೀನು, ಆಮೇಲೆ ತಲೆಶೂಲೆ, ಮದುವೆಯಾದ ವರ್ಷ ಮೂಗಿಗೆ ಯಾವ ವಾಸನೆಯೂ ಇಲ್ಲ. ಹಾಲು ಸೀದು ಮನೆಯೆಲ್ಲ ನಾತವಾದರೂ ಅವಳಿಗೆ ತಿಳಿಯಲಿಲ್ಲ. ವಖಾರಿಯಲ್ಲಿ ಕೂಲಿಯವರ ಮೇಲ್ವಿಚಾರಣೆ ನೋಡುವ ಮುಕಾದಮನಿಗೆ ಹೇಳಿದರೆ, "ಮೂಗ ಬೇಕಾದವರು ಮನ್ಯಾಗ ಕುಂಡರ್ರಿ," ಅಂದ.

ಕುಂತರೆ ಹೊಟ್ಟೆ ಕೇಳಬೇಕಲ್ಲ! ಅವಳು ಅದನ್ನು ನಗೆಯಲ್ಲೇ ದಾಟಿಸಿದಳು. ಗಂಡ ದಾರೂ ಕುಡಿದು ಬಂದ ಮರುದಿನ, ಪಕ್ಕದಲ್ಲಿ ಜರಡಿ ಹಿಡಿಯುತ್ತಿದ್ದ ಗೆಳತಿ ಮೆಹರುಬಿಗೆ, "ಮೂಗ ಹೋಗಿದ್ದು ಇದೊಂದಕ್ಕ ಚಲೋ ಆತ ನೋಡ, ಇವನ ಬಾಯಿ ವಾಸನಿ ತಪ್ಪಿತು," ಅನ್ನುತ್ತಿದ್ದಳು. ತಾನು ಆಡಿ ನಕ್ಕ ಮಾತು ಬೇರೆ. ಅದೇ ಮೂಗನ್ನು ಹಿಡಿದು ಮಗ ನಕ್ಕಾಗ ಮೈಯೆಲ್ಲ ಉರಿಯಿತು.

ರಾಜಾರಾಮನಿಗೆ ಅದರ ಪರಿವೆಯಿಲ್ಲ. ಗ್ಲಾಸನ್ನು ಗರಗರ ತಿರುಗಿಸಿ, ಮೂಗು ಒಳಗಿಟ್ಟು, ಪಾಠ ಒಪ್ಪಿಸತೊಡಗಿದ.

"ಮೊದಲ ಚೆರಿ ಹಣ್ಣ. ಆಮ್ಯಾಲ ಹಸಿ ಮಣ್ಣ. ಕಡೀಕ ಬರೂದ ಅಗದಿ ಭಾರಿ, ಒಣ ತಂಬಾಕಿನ ಎಲಿ! ಇದನ್ನ ಹೇಳಿದ್ವಿ ಅಂದ್ರ ಗಿರಾಕಿ ಖುಷಿ ಆಗಿ ಇನ್ನೊಂದ ಬಾಟ್ಲಿ ತರಸ್ತಾರ."

ಮಟನ್ ತಿರುವುತ್ತಿದ್ದ ಸೌಟು ನಿಂತಿತು.

"ಏನಂದಿ?"

"ತಂಬಾಕಿನ ವಾಸನಿ, ಅವ್ವಾ. ದೊಡ್ಡ ಮಂದಿಗೆ ಅದಂದ್ರ—"

"ದೊಡ್ಡ ಮಂದಿ ನೆಗದು ಬೀಳಲಿ! ಅವರಿಗೆ ಗ್ಲಾಸಿನ್ಯಾಗ ಹಾಕಿ ಕೊಡ್ತಿ? ನಮಗ ಜರಡಿಲೆ ಹೊಯ್ದರಲ್ಲೋ, ಮೂಗ ತುಂಬ, ಎದಿ ತುಂಬ! ಒಬ್ಬಾಕಿಗರೆ ಖುಷಿ ಆತೇನು? ಮೆಹರುಬಿ ಕೆಮ್ಮಿ ಕೆಮ್ಮಿ ಸತ್ತಳು, ಹೋಗಿ ಆಕಿನ್ನ ಕೇಳು!"

"ಅವ್ವಾ, ನಾ ನಗಚಾಷ್ಟಿ ಮಾಡಿದ್ನಿ..."

"ಚಾಷ್ಟಿ? ನೀ ಹುಟ್ಟಿದಾಗ ಬಂದ ಬಂದವರೆಲ್ಲ ನಿನ್ನ ನೆತ್ತಿ ಮೂಸಿ, 'ಎಷ್ಟ ಚಂದ ವಾಸನಿ ಬೇ ಹೌಸಾ' ಅಂತಿದ್ರು. ನಾನೂ ಮೂಸಿ ಹೂಂ ಅಂತಿದ್ನಿ. ಏನೂ ಬರತಿದ್ದಿಲ್ಲೋ! ನನ್ನ ಮಗನ ವಾಸನಿ ಹ್ಯಾಂಗಿತ್ತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಅದನ್ನ ತಿಂದಿದ್ದು ಯಾವ ತಂಬಾಕು ಅಂತ ಬರಿ ನಿನ್ನ ಪರೀಕ್ಷಾದಾಗ!"

ರಾಜಾರಾಮನ ಕೈಯಲ್ಲಿದ್ದ ಗ್ಲಾಸು ಮೆಲ್ಲಗೆ ಕೆಳಗಿಳಿಯಿತು. ಈ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಹೌಸಾಬಾಯಿ ನೀರು ಕುಡಿಯುವ ಸ್ಟೀಲ್ ಗ್ಲಾಸನ್ನು ತಂದು ಅವನ ಮುಂದೆ ಕುಕ್ಕಿದಳು.

"ಹಾಕು."

ಅವನು ಒಂದು ಗುಟುಕಿನಷ್ಟು ಹಾಕಿದ.

"ನಿಮಗ ಹಾಕ್ಕೊಂಡಷ್ಟ ಹಾಕು. ನಾ ಏನ ಭಿಕ್ಷಾ ಬೇಡಾಕತ್ತಿಲ್ಲ."

ಹಾಕಿದ. ಅವಳು ಕುಡಿದಳು. ಮೊದಲು ಹುಳಿ. ಹಿಂದೆಯೇ ಒಗರು, ನೇರಳೆ ಹಣ್ಣು ತಿಂದಂತೆ ನಾಲಿಗೆ, ಗಲ್ಲದ ಒಳಗು ಎಲ್ಲ ಒಣಗಿ ಬಿಗಿದುಕೊಂಡವು. ಮುಖ ಕಿವುಚಿದಳು. ಉಗುಳುತ್ತಾಳೆಂದು ರಾಜಾರಾಮ ಕಾದ. ಅವಳು ಉಗುಳಲಿಲ್ಲ. ಒಲೆಯ ಮೇಲಿನ ಪಾತ್ರೆಯಿಂದ ನೆಣದ ಮಟನ್ ತುಂಡೊಂದನ್ನು ತೆಗೆದು ರೊಟ್ಟಿಯ ಜೊತೆ ಬಾಯಿಗಿಟ್ಟು, ಅಗಿದು, ಮೇಲೆ ಇನ್ನೊಂದು ಗುಟುಕು ಕುಡಿದಳು. ಈ ಸಲ ಒಗರು ಮೆತ್ತಗಾಯಿತು. ನೆಣದ ಜಿಡ್ಡು ಕಳೆದು ಬಾಯಿ ಮತ್ತೊಂದು ತುತ್ತು ಕೇಳಿತು. ಎಷ್ಟೋ ವರ್ಷಗಳಿಂದ ಊಟವೆಂದರೆ ಅವಳಿಗೆ ಉಪ್ಪು, ಖಾರ, ಮುಗಿಯಿತು. ಈಗ ಬಾಯೊಳಗೆ ಏನೋ ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಇನ್ನೊಂದು ತುಂಡಿಗೆ ಕೈ ಹಾಕಿದಳು.

"ಹ್ಯಾಂಗೈತ್ರಿ ಅತ್ತಿ?" ಪೂನಮ ಕೇಳಿದಳು.

"ಹಿಡಿತೈತಿ. ಬಾಯಿನ ಗಟ್ಟಿ ಹಿಡಿತೈತಿ. ಚಲೋ ಐತಿ."

ರಾಜಾರಾಮ ತಗ್ಗಿದ ದನಿಯಲ್ಲಿ, "ನೀ ಕುಡಿ ಅವ್ವಾ, ವಾಸನಿ ಹೆಂಗೈತಿ ಅಂತ ನಾ ಹೇಳ್ತನಿ..." ಎಂದ.

"ಬಾಯಿ ಮುಚ್ಚು. ನಿನ್ನ ಮೂಗ ಮಾರಾಕ ಐತಿ, ಮಾರು. ನನ್ನ ನಾಲಿಗಿ ನಂದು."

ಅವಳು ಅವಸರ ಮಾಡಲಿಲ್ಲ. ಹುಬ್ಬಿನ ಗಂಟು ಸಡಿಲಲಿಲ್ಲ. ಆದರೆ ಸಿಟ್ಟು ರುಚಿಗೆ ಅಡ್ಡ ಬರಲೂ ಇಲ್ಲ. ಗ್ಲಾಸು ಬರಿದಾದಾಗ ಅದನ್ನು ಮಗನತ್ತ ಸರಿಸಿದಳು. ಅವನು ತನ್ನದನ್ನು ಬಿಟ್ಟು, ಮೊದಲು ಅದನ್ನು ತುಂಬಿಸಿದ.