ಓರಗಿತ್ತಿ ನೋಡಿಬಂದ ಸಮುದ್ರ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಈ ಮಾತನ್ನು ಬೇರೆಯವರು ಹೇಳಿದರೆ ಜಗಳಕ್ಕೇ ನಿಲ್ಲುತ್ತೇನೆ, ನಾನೇ ಹೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಆ ಡಿಸೆಂಬರಿನ ಐದು ದಿನ ಉರಿದಷ್ಟು ನಾನು ಜನ್ಮದಲ್ಲಿ ಉರಿದಿಲ್ಲ.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಇಬ್ಬರು ಸೊಸೆಯರು. ನಾನು ದೊಡ್ಡವಳು, ಮೈದುನನ ಹೆಂಡತಿ ಚಿಕ್ಕವಳು. ನಲವತ್ತು ದಾಟಿದ ಮೇಲೆ ನನಗೆ ಶುಗರ್ ಬಂತು, ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ಒಬ್ಬಳೇ ಹೋಗಲು ನಾಚಿಕೆಯಾಗಿ ಓರಗಿತ್ತಿಯನ್ನೂ ಎಳೆದುಕೊಂಡು ಹೋದೆ. ಸೀಟು ಹಿಡಿದು ಹಿಂದೆ ಓಡುತ್ತ ಅವಳಿಗೆ ಕಲಿಸಿದವಳು ನಾನು, ಇದನ್ನು ನೆನಪಿಟ್ಟುಕೊಳ್ಳಿ. ಎರಡು ವರ್ಷ ದಿನಾ ಬೆಳಿಗ್ಗೆ ಚಿಕ್ಕಜಾಜೂರು ರಸ್ತೆಯಲ್ಲಿ ಇಬ್ಬರೂ ತುಳಿದೆವು. ದಾರಿಯುದ್ದಕ್ಕೂ ಅತ್ತೆಯ ಮೇಲೆ ಒಂದಷ್ಟು ದೂರು, ಗಂಡಂದಿರ ಮೇಲೆ ಒಂದಷ್ಟು ದೂರು, ಬಿದ್ದು ಬಿದ್ದು ನಗು. ಮನೆಯೊಳಗೆ ನಾವು ಹಾಗೆ ನಕ್ಕಿದ್ದೇ ಇಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಹೆಂಗಸರು ಸೇರಿಕೊಂಡು ಮಾಡಿದ ಸೈಕಲ್ ಗುಂಪೊಂದಿದೆ. ಅವರು ಕಾರವಾರದಿಂದ ಮಲ್ಪೆಯವರೆಗೆ ಕಡಲ ಬದಿಯಲ್ಲಿ ಐದು ದಿನ ತುಳಿಯುವುದೆಂದು ಗೊತ್ತುಮಾಡಿದರು. ಅಂಕೋಲಾ, ಹೊನ್ನಾವರ, ಭಟ್ಕಳ, ಬಾರಕೂರು, ಹೀಗೆ ಒಂದು ಕಾಲಕ್ಕೆ ಹಡಗು ಬಂದು ಹೋಗುತ್ತಿದ್ದ ಊರುಗಳ ದಾರಿಯಂತೆ. ನಾವಿಬ್ಬರೂ ಕಡಲು ಕಂಡವರಲ್ಲ. ಹೆಸರು ಕೊಡುವ ಹೊತ್ತಿಗೆ ಸರಿಯಾಗಿ ಅತ್ತೆ ತಕರಾರು ತೆಗೆದರು.

"ಇಬ್ರೂ ಹೋದ್ರೆ ಒಲೆ ಮುಂದೆ ನಾನು ಕುಂತ್ಕಬೇಕೇನು? ಯಾರಾದ್ರೂ ಒಬ್ರು ಹೋಗ್ರಿ."

ನಾನು ದೊಡ್ಡವಳಲ್ಲವೇ? "ನೀನೇ ಹೋಗವ್ವ" ಅಂದೆ. ನಮ್ಮ ಕಡೆ ಇದು ಉಪಚಾರದ ಮಾತು. ಅವಳು "ಛೇ ಛೇ, ನೀವು ಹೋಗ್ರಿ" ಅನ್ನಬೇಕು, ನಾನು ಇನ್ನೊಂದು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಒಲ್ಲದ ಮನಸ್ಸಿನವಳ ಹಾಗೆ ಒಪ್ಪಬೇಕು. ಅವಳೋ ಮೊದಲನೆಯ ಸಲಕ್ಕೇ "ಹೂಂ ಅಕ್ಕ" ಅಂದುಬಿಟ್ಟಳು! ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಹೋದ ದಿನದಿಂದಲೇ ಫೋನಿಗೆ ಫೋಟೋಗಳು ಬರತೊಡಗಿದವು. ನಾನು ಮುದ್ದೆ ಕಟ್ಟುತ್ತಿರುವಾಗ ಅವಳು ಕುಮಟಾದ ಹತ್ತಿರ ಮಿರ್ಜಾನ್ ಕೋಟೆಯ ಮೆಟ್ಟಿಲ ಮೇಲೆ. ಪಾಚಿ ಹಿಡಿದ ಗೋಡೆ, ದುರ್ಗದ ಕೋಟೆ ನೋಡಿದ ಕಣ್ಣಿಗೆ ಅದೂ ಒಂದು ಕೋಟೆಯೇ ಅಂದುಕೊಂಡೆ. ಅಂದುಕೊಂಡರೂ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆಮೇಲೆ ಶರಾವತಿಯ ಸೇತುವೆ ಬಂತು. ಬಿಸಿಲಿಗೆ ಮುಖ ಕಪ್ಪಗಾಗಿದ್ದರೂ ಹಾಳಾದವಳು ಚೆಂದ ಕಾಣುತ್ತಿದ್ದಳು. "ಅಕ್ಕ, ನೀವೂ ಇರಬೇಕಿತ್ತು" ಎಂದು ಕೆಳಗೆ ಬರೆದಿದ್ದಳು. ಇರಬೇಕಿತ್ತಂತೆ! ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಮಗುಚಿಟ್ಟೆ.

ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದಳು. "ಏನ್ರಿ, ನಿಮ್ಮ ಓರಗಿತ್ತಿ ಕಾಣ್ತಾನೇ ಇಲ್ಲ?"

"ಸಮುದ್ರಕ್ಕೆ ಹೋಗ್ಯಾಳೆ" ಅಂದೆ.

ನಮ್ಮ ಬೀದಿಯಲ್ಲಿ ಸಮುದ್ರ ಅಂದರೆ ಭೀಮಸಮುದ್ರ. ಬಸ್ಸು ಹತ್ತಿದರೆ ಅಡಿಕೆ ತೋಟಗಳ ನಡುವೆ ಹತ್ತಿರದಲ್ಲೇ ಇರುವ ಊರು, ಅಲ್ಲಿ ಇರುವುದು ಕೆರೆ.

"ಓ, ಭೀಮಸಮುದ್ರಕ್ಕಾ? ನಮ್ಮಕ್ಕನ ಮನೆ ಅಲ್ಲೇ ಐತೆ."

ಅಲ್ಲ, ಕಾರವಾರಕ್ಕೆ ಅನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಕಡಲ ದಂಡೆಯಲ್ಲಿ ಸೈಕಲ್ ಹೊಡೆದವಳು ಎಂದು ಬೀದಿಯೆಲ್ಲ ಅವಳನ್ನು ಕೊಂಡಾಡುವುದು ನನಗೆ ಬೇಕಿರಲಿಲ್ಲ. "ಹೂಂ, ಅಲ್ಲಿಗೇ" ಅಂದೆ. ಅಂದ ಮೇಲೆ ಹೊಟ್ಟೆ ತಣ್ಣಗಾಯಿತು.

ಓರಗಿತ್ತಿ ಬಂದಳು. ಅಲ್ಲಿಯ ಸುದ್ದಿ ಹೇಳಲು ಬಾಯಿ ತೆಗೆದಾಗಲೆಲ್ಲ ನಾನು ಪಾತ್ರೆ ಸದ್ದು ಮಾಡಿದೆ, ಹಿತ್ತಿಲಿಗೆ ಹೋದೆ, ತಲೆನೋವು ಅಂದೆ. ಹೀಗೆ ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಅತ್ತೆ ಅಂಗಡಿಯಿಂದ ಬಂದವರೇ ಅವಳ ಮೇಲೆ ರೇಗಿದರು.

"ನೀನು ಭೀಮಸಮುದ್ರದಾಗೆ ಇರಲೇ ಇಲ್ವಂತೆ. ಪಕ್ಕದ ಮನೆಯವಳ ಅಕ್ಕ ಅಲ್ಲೆಲ್ಲ ವಿಚಾರಿಸ್ಯಾಳಂತೆ. ಐದು ದಿನ ಯಾರ ಜೊತೆ ಎಲ್ಲಿಗೆ ಹೋಗಿದ್ಲು ಅಂತ ಬೀದಿ ಜನ ಆಡ್ಕಂತಾರೆ. ನೀನು ಎಲ್ಲಿದ್ದೆ ಅಂತ ನಂಗೊತ್ತು, ಅವ್ರ ಬಾಯಿ ಯಾರು ಮುಚ್ಚಬೇಕು? ಇನ್ಮೇಲೆ ಸೈಕಲ್ ಮುಟ್ಬ್ಯಾಡ."

"ಭೀಮಸಮುದ್ರ ಅಂತ ಯಾರತ್ತೆ ಹೇಳಿದ್ದು?" ಅಂದಳು ಓರಗಿತ್ತಿ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳೇಕೆ, ಒಂದು ಗಳಿಗೆ ಖುಷಿಯೂ ಆಯಿತು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, "ಅಕ್ಕ, ನೀವಾದ್ರೂ ಹೇಳ್ರಿ ಅತ್ತೆಗೆ. ಸೈಕಲ್ ಒಂದು ಬಿಡ್ಸಬ್ಯಾಡ್ರಿ" ಅಂದಳು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ನಾನೇ ಹೇಳಿದ್ದು. ಬೇಕಂತಲೇ. ಹೊಟ್ಟೆಕಿಚ್ಚಿಗೆ" ಅಂದೆ.

"ಥೂ ನಿನ್ನ ಬುದ್ಧಿಗಿಷ್ಟು" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಓರಗಿತ್ತಿ ಒಳಗೆ ಹೋದಳು.

ಆ ಸಂಜೆ ನಾನೇ ಫೋನು ಹಿಡಿದು ಮನೆಮನೆಗೆ ಹೋದೆ. ಯಾವ ಫೋಟೋ ನೋಡಿ ಉರಿದಿದ್ದೆನೋ ಅದನ್ನೇ ತೋರಿಸಿ, "ನೋಡ್ರಿ, ನಮ್ಮ ಓರಗಿತ್ತಿ, ಕಾರವಾರದಿಂದ ಮಲ್ಪೆ ತನಕ ತುಳಿದಾಳೆ, ಭೀಮಸಮುದ್ರ ಅಂತ ತಪ್ಪು ಹೇಳಿದ್ದು ನಾನು" ಎಂದು ಅಷ್ಟೂ ಬಾಗಿಲಲ್ಲಿ ಹೊಗಳಿದೆ. ಪಕ್ಕದ ಮನೆಯಾಕೆ "ಅಬ್ಬಬ್ಬಾ, ಗಟ್ಟಿಗಿತ್ತಿ!" ಅಂದಾಗ ಮತ್ತೆ ಸುರ್ರೆಂದಿತು. ತಡೆದುಕೊಂಡೆ. ಬೀದಿ ಬಾಯಿ ಮುಚ್ಚಿತು, ಅತ್ತೆ ಸೈಕಲ್ಲಿನ ಮಾತೆತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಇಬ್ಬರೂ ಹೊರಟೆವು. ಎರಡು ಮೈಲಿ ಅವಳು ನನ್ನನ್ನು ಹಿಂದೆ ಬಿಟ್ಟು ಮುಂದೆ ಮುಂದೆಯೇ ತುಳಿದಳು. ಕೊನೆಗೆ ನಾನೇ ಸೋತು ಕೇಳಿದೆ. "ಹೆಂಗಿತ್ತೇ ಸಮುದ್ರ?"

ಅವಳು ಕಾಲೂರಿ ನಿಂತಳು. "ಅಲ್ಲಿ ಇದ್ದಷ್ಟು ದಿನಾನೂ, ಇದನ್ನ ಅಕ್ಕಂಗೆ ಹಿಂಗೆ ಹೇಳಬೇಕು, ಹಂಗೆ ಹೇಳಬೇಕು ಅಂತ ಮಾತು ಜೋಡಿಸ್ಕಂತಾ ಇದ್ದೆ. ಈಗ ಒಂದೂ ಬಾಯಿಗೆ ಬರ್ತಿಲ್ಲ ಅಕ್ಕ."