ಸದಾನಂದಣ್ಣ ಕೊಟ್ಟ ಹಾರ್ಡನರ್

ಎರಡು ವರ್ಷದ ಹಿಂದಿನ ಮಾತು. ಕೆಂಪು ಸಮುದ್ರದ ದಾರಿ ಅಪಾಯವೆಂದು ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಬರುತ್ತಿದ್ದ ಕಾಲ. ನಾನು ಕುವೈತಿನ ಶುವೈಖ್‌ನಲ್ಲಿ ಫೈಬರ್ ನೀರಿನ ಟ್ಯಾಂಕ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ.

ಅದಕ್ಕೆ ಸ್ವಲ್ಪ ಮೊದಲು ನಮಗೊಬ್ಬ ಹೊಸ ಮ್ಯಾನೇಜರ್ ಬಂದಿದ್ದರು. ಕೂಲಿ ಕಡಿಮೆ ಇರುವ ದೇಶಗಳ ಟ್ಯಾಂಕುಗಳು ಹಡಗಿನ ಬಾಡಿಗೆ ಸೇರಿಸಿದರೂ ನಮ್ಮದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದವು. "ಇಲ್ಲಿಯ ಸಂಬಳ ಕೊಟ್ಟು ನಾವು ಬದುಕಬೇಕಾದರೆ ಗೋದಾಮಿನಲ್ಲಿ ಸಾಮಾನು ಮಲಗಿರಬಾರದು. ಬೇಕಾದಾಗ, ಬೇಕಾದಷ್ಟೇ ಬರಬೇಕು" ಎಂದರು ಅವರು. ತಪ್ಪು ಮಾತಲ್ಲ. ಒಂದು ಗೋದಾಮು ಬಿಟ್ಟುಕೊಟ್ಟೆವು, ಡಬ್ಬ ಡಬ್ಬಕ್ಕೂ ಬಾರ್‌ಕೋಡ್ ಅಂಟಿಸಿದೆವು, ಟ್ಯಾಂಕಿನ ಬೆಲೆ ನಿಜಕ್ಕೂ ಇಳಿಯಿತು. ನನಗೂ ಹೆಮ್ಮೆಯಾಗಿತ್ತು. ಹಾರ್ಡನರ್ ಮಾತ್ರ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳೋಣ ಎಂದು ಕೇಳಿದ್ದೆ. ಅವರು ಒಪ್ಪಲಿಲ್ಲ.

ಹಾಲಿಗೆ ಹೆಪ್ಪು ಹೇಗೋ, ಟ್ಯಾಂಕ್ ಮಾಡುವ ರೆಸಿನ್ ಎಂಬ ಅಂಟುದ್ರವಕ್ಕೆ ಹಾರ್ಡನರ್ ಹಾಗೆ. ಚೂರು ಸಾಕು, ಆದರೆ ಅದಿಲ್ಲದೆ ಯಾವುದೂ ಗಟ್ಟಿಯಾಗುವುದಿಲ್ಲ. ಬೇಸಿಗೆಯ ದೊಡ್ಡ ಆರ್ಡರ್ ಕೈಯಲ್ಲಿರುವಾಗಲೇ ಯುರೋಪಿನಿಂದ ನಮ್ಮ ಹಾರ್ಡನರ್ ಹೊತ್ತು ಬರುತ್ತಿದ್ದ ಹಡಗು ತಡವಾಯಿತು. ವಿಮಾನದಲ್ಲಿ ತರಿಸೋಣವೆಂದರೆ ಅದು ಬೆಂಕಿಯ ಭಯವಿರುವ ವಸ್ತು, ಯಾರೂ ಸುಲಭದಲ್ಲಿ ಒಪ್ಪುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ ನನ್ನ ತಲೆಗೆ ಬಂತು.

ಹತ್ತಿರದ ಗಲ್ಲಿಯಲ್ಲಿ ನಮ್ಮಂತೆಯೇ ಟ್ಯಾಂಕ್ ಮಾಡುವ ಇನ್ನೊಂದು ಫ್ಯಾಕ್ಟರಿ ಇತ್ತು. ಅಲ್ಲಿಯ ಸ್ಟೋರ್‌ಕೀಪರ್ ಸದಾನಂದಣ್ಣ, ಕಾಪು ಕಡೆಯವರು. ಮಾಲೀಕರು ಎದುರಾಳಿಗಳಾದರೇನು, ಊರ ಕಡೆಯವರಾದ ನಾವು ಸ್ಟೋರಿನಿಂದ ಸ್ಟೋರಿಗೆ ಸಾಮಾನು ಕೈಗಡ ಕೊಡುತ್ತ ಬಂದಿದ್ದೆವು. ಒಂದು ಫೋನು, ಒಂದು ಪಿಕಪ್, ಅಷ್ಟೇ. ನಮ್ಮ ಮಾಲು ಬಂದ ಕೂಡಲೇ ಅಷ್ಟನ್ನೂ ವಾಪಸ್ ಕಳಿಸುವುದು. ಯಾರ ಮ್ಯಾನೇಜರಿಗೂ ಇದು ಗೊತ್ತಿರಲಿಲ್ಲ.

ಫೋನ್ ಮಾಡಿದೆ. "ಎಂತ ವಾಣಿ, ಸ್ವರ ಇಷ್ಟು ಸಣ್ಣ ಆಗಿದೆ?" ಎಂದರು. ವಿಷಯ ಹೇಳಿದೆ.

"ಈಗ ಮೊದಲಿನ ಹಾಗೆ ಅಲ್ಲ ಮಾರಾಯ್ತಿ. ನಮ್ಮಲ್ಲಿಯೂ ಸಿಸ್ಟಂ ಬಂದಾಯ್ತು. ತಿಂಗಳ ಕೊನೆಗೆ ಎಣಿಕೆ ಉಂಟು. ಒಂದು ಕ್ಯಾನ್ ಕಡಿಮೆ ಬಂದ್ರೂ ನನ್ನ ಕೆಲಸ ಖಲಾಸ್. ಮಗಳ ನರ್ಸಿಂಗ್ ಇನ್ನೂ ಮುಗಿಲಿಲ್ಲ, ಗೊತ್ತುಂಟಲ್ಲ ನಿನಗೆ."

"ಹಾಗಾದ್ರೆ ಬೇಡ ಅಣ್ಣ."

"ಬೇಡ ಅಂದ್ರೆ ನಿಮ್ಮ ಲೈನಿನವರು ಎಂತ ಮಾಡುವುದು? ಗಾಡಿ ಕಳಿಸು. ಎಣಿಕೆಗೆ ಮುಂಚೆ ವಾಪಸ್ ಬಂದ್ರೆ ಆಯ್ತು. ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡ."

ಟ್ಯಾಂಕ್ ತಯಾರಿಸುವ ನಮ್ಮ ಲೈನ್ ನಿಲ್ಲಲಿಲ್ಲ. ಆದರೆ ನನಗೆ ಅನ್ನ ಸೇರುತ್ತಿರಲಿಲ್ಲ. ತಿಂಗಳು ಮುಗಿಯುತ್ತ ಬಂದಂತೆ ಬಂದರಿಗೆ ಫೋನ್ ಮಾಡಿ ಮಾಡಿ ಅಲ್ಲಿಯವರಿಂದ ಬೈಸಿಕೊಂಡೆ. ಅಂತೂ ಹಡಗು ಬಂತು. ಎಣಿಕೆಯ ಹಿಂದಿನ ದಿನ ಅವರ ಕ್ಯಾನುಗಳು ಅವರ ಸ್ಟೋರು ಸೇರಿದವು. "ಲೆಕ್ಕ ಸರಿ ಬಂತು, ಇನ್ನು ನಿದ್ದೆ ಮಾಡ್ತೇನೆ" ಎಂದು ಸದಾನಂದಣ್ಣ ಫೋನ್ ಮಾಡಿದಾಗ ನಾನು ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ.

ಆರ್ಡರ್ ಸಮಯಕ್ಕೆ ಸರಿಯಾಗಿ ಹೋಯಿತು. ನಮ್ಮ ಮಾಲೀಕರು, ಕುವೈತಿನವರೇ, ಲೈನಿಗೆ ಬಂದು ಎಲ್ಲರಿಗೂ ಸಿಹಿ ಹಂಚಿದರು. ಹಡಗು ತಡವಾದರೂ ಹೇಗೆ ಸಾಧಿಸಿದಿರಿ ಎಂದು ಕೇಳಿದಾಗ, ಕ್ಯಾನುಗಳನ್ನು ಇಳಿಸಿಕೊಂಡಿದ್ದ ಫೋರ್‌ಮ್ಯಾನ್ ಖುಷಿಯಲ್ಲಿ ಸದಾನಂದಣ್ಣನ ಹೆಸರು ಹೇಳಿದ್ದನಂತೆ.

ಮಾರನೆಯ ಬೆಳಿಗ್ಗೆ ಮಾಲೀಕರು ನಗುತ್ತ ನನ್ನ ಮೇಜಿನ ಹತ್ತಿರ ಬಂದರು. ಸಂಜೆ ಹೊತ್ತು ಇಲ್ಲಿಯ ಗಂಡಸರು ಕೂಡಿ ಚಹಾ ಕುಡಿಯುತ್ತ ಮಾತಾಡುವ ದಿವಾನಿಯಾದಲ್ಲಿ ಅವರಿಗೆ ಆ ಫ್ಯಾಕ್ಟರಿಯ ಮಾಲೀಕರು ಸಿಕ್ಕಿದ್ದರು. "ಎಲ್ಲರ ಎದುರಿಗೇ ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ನಿಮ್ಮ ಸದಾನಂದ್ ಇಲ್ಲದಿದ್ದರೆ ನನ್ನ ಆರ್ಡರ್ ಕೈತಪ್ಪುತ್ತಿತ್ತು ಅಂದೆ" ಎಂದರು. ನಮ್ಮ ಕೈತಪ್ಪಿದ್ದರೆ ಆ ಆರ್ಡರ್ ಸೇರುತ್ತಿದ್ದದ್ದು ಆ ಫ್ಯಾಕ್ಟರಿಗೇ.

ಕೂಡಲೇ ಸದಾನಂದಣ್ಣನಿಗೆ ಫೋನ್ ಮಾಡಿದೆ. "ಒಳಗೆ ಕರೆದಿದ್ದಾರೆ, ಹೋಗಿ ಬರ್ತೇನೆ" ಎಂದಷ್ಟೇ ಹೇಳಿದರು. ಮಧ್ಯಾಹ್ನದೊಳಗೆ ಕೆಲಸ ಹೋಗಿತ್ತು.

ನಮ್ಮ ಮಾಲೀಕರು ತಲೆ ತಗ್ಗಿಸಿಕೊಂಡೇ ಆ ಮನುಷ್ಯನ ಹತ್ತಿರ ಹೋದರು, ಸದಾನಂದಣ್ಣನನ್ನು ನನಗೆ ಕೊಡಿ ಎಂದು ಕೇಳಿದರು. ಆದರೆ ಇಲ್ಲಿ ಉಳಿಯಲು ಬೇಕಾದ ಪರವಾನಗಿ, ಇಕಾಮಾ, ಅದನ್ನು ನಮ್ಮ ಕಂಪನಿಗೆ ವರ್ಗಾಯಿಸಲು ಆ ಮಾಲೀಕರು ಒಪ್ಪಲಿಲ್ಲ, ಸದಾನಂದಣ್ಣ ಊರಿಗೆ ಮರಳಲೇಬೇಕಾಯಿತು. ಹೊರಡುವ ದಿನ ಅವರ ರೂಮಿಗೆ ಹೋಗಿ ನಾನು ನಮ್ಮ ಮಾಲೀಕರನ್ನು ಬಾಯಿಗೆ ಬಂದಂತೆ ಬೈದೆ. ಸದಾನಂದಣ್ಣ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, "ನಿನ್ನ ಧಣಿಗಳನ್ನು ಬೈಬೇಡ ಮಾರಾಯ್ತಿ. ಇಷ್ಟು ವರ್ಷದಲ್ಲಿ ನನ್ನ ಉಪಕಾರ ನೆನೆಸಿದ್ದು ಅವರೊಬ್ಬರೇ" ಎಂದರು. ಅವರ ಮಗಳು ಓದು ಬಿಟ್ಟು ಉಡುಪಿಯ ಬಟ್ಟೆ ಅಂಗಡಿಗೆ ಸೇರಿದ್ದು ಆಮೇಲೆ ತಿಳಿಯಿತು.

ವರ್ಷದ ಕೊನೆಯ ಮೀಟಿಂಗ್‌ನಲ್ಲಿ ಮ್ಯಾನೇಜರ್ ಪರದೆಯ ಮೇಲೆ ಗ್ರಾಫ್ ತೋರಿಸಿದರು. ಇಷ್ಟು ಕಡಿಮೆ ದಾಸ್ತಾನಿನಲ್ಲೂ, ಹಡಗು ತಡವಾದಾಗಲೂ ಲೈನ್ ಒಂದು ದಿನವೂ ನಿಂತಿಲ್ಲ, ಆದ್ದರಿಂದ ದಾಸ್ತಾನನ್ನು ಇನ್ನೂ ಇಳಿಸಬಹುದು ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸಾರ್, ಲೈನ್ ನಿಲ್ಲದೇ ಇದ್ದದ್ದು ಸದಾನಂದಣ್ಣ ಹಾರ್ಡನರ್ ಕೊಟ್ಟದ್ದರಿಂದ" ಎಂದೆ. ಅವರು ಸಿಟ್ಟಾಗಲಿಲ್ಲ. ಕಂಪ್ಯೂಟರ್ ನೋಡಿ, "ಹಾಗೇನೂ ಸಿಸ್ಟಂನಲ್ಲಿ ಇಲ್ಲವಲ್ಲ" ಎಂದರು.

ನಿಜ. ನಮ್ಮದರಲ್ಲೂ ಇಲ್ಲ, ಅವರದರಲ್ಲೂ ಇಲ್ಲ. ಎರಡೂ ಕಡೆ ಲೆಕ್ಕ ಸರಿಯಾಗಿದೆ, ನಡುವೆ ಒಂದು ಮನೆ ಮುಳುಗಿತು.